ಬಿಪಿ ಮೆಷಿನ್ ಮುಂದೆ ಬಾಯಿ ಮುಚ್ಚಿ ಕೂರುವುದು ಹೇಗೆ

ಆ ದಿನ ನಾನು ಡಾಕ್ಟರ ಹತ್ತಿರ ಹೋಗಿದ್ದು ಭುಜದ ನೋವಿಗೆ. ಲಿಫ್ಟ್ ಕೆಟ್ಟಿತ್ತು. ಟೋಕನ್ ದಾಟಿಹೋದೀತೆಂದು ಎರಡು ಮಹಡಿ ಮೆಟ್ಟಿಲನ್ನು ಓಡುತ್ತಲೇ ಹತ್ತಿದೆ. ಕುರ್ಚಿಗೆ ಬೆನ್ನು ತಾಗುವ ಮೊದಲೇ ನರ್ಸ್ ತುಂಬುತೋಳಿನ ಅಂಗಿಯ ಮೇಲೆಯೇ ಪಟ್ಟಿ ಸುತ್ತಿ ಗುಂಡಿ ಒತ್ತಿದರು. ಪಟ್ಟಿ ಬಿಗಿಯುತ್ತಿರುವಾಗಲೇ "ವಯಸ್ಸೆಷ್ಟು? ತೂಕ? ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ?" ಎಂದು ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಪರದೆಯ ಮೇಲೆ 164/98 ಬಂತು. ಅದನ್ನು ಚೀಟಿಯ ಮೂಲೆಯಲ್ಲಿ ಬರೆದು, "ಬಿಪಿ ಇದೆಯಲ್ಲ ನಿಮಗೆ, ಮಾತ್ರೆ ತಗೊಳ್ತಿಲ್ವಾ?" ಎಂದರು.

ಭುಜದ ನೋವು ಅಲ್ಲೇ ಮರೆತುಹೋಯಿತು. ಸಂಜೆ ಮನೆಗೆ ಬರುವಾಗ ಕೈಯಲ್ಲೊಂದು ಬಿಪಿ ಮೆಷಿನ್ ಇತ್ತು. ರಾತ್ರಿ ಊಟಕ್ಕೆ ಮೊದಲು, ಊಟವಾದ ಮೇಲೆ, ಮಲಗಿ, ಎದ್ದು, ಒಟ್ಟು ಹನ್ನೊಂದು ಸಲ ನೋಡಿಕೊಂಡೆ. 148, 157, 139, 161... ಒಂದಕ್ಕೊಂದು ತಾಳೆಯಿಲ್ಲ. ವಾರ ಕಳೆದು ಈ ಅಂಕಿಗಳನ್ನೆಲ್ಲ ಡಾಕ್ಟರ ಮುಂದೆ ಹರಡಿದಾಗ ಅವರು ಕನ್ನಡಕ ಏರಿಸಿ ಕೇಳಿದರು: "ಇದರಲ್ಲಿ ನಿಮ್ಮ ಬಿಪಿ ಯಾವುದು?"

ಆ ಪ್ರಶ್ನೆಗೆ ಉತ್ತರ ಕೊಡಲು ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಇದು ದೊಡ್ಡವರ ಮಾತು. ಮಕ್ಕಳಿಗೂ ಬಸುರಿಯರಿಗೂ ಲೆಕ್ಕ ಬೇರೆ. ಅವರ ಸಂಗತಿ ನೇರವಾಗಿ ಡಾಕ್ಟರ ಹತ್ತಿರವೇ ಇತ್ಯರ್ಥವಾಗಬೇಕು.

ಮೊದಲು ಟೇಪು, ಆಮೇಲೆ ಮೆಷಿನ್

ಮೆಷಿನ್ ಕೊಳ್ಳುವಾಗ ಎಲ್ಲರೂ ಕಂಪನಿ ನೋಡುತ್ತಾರೆ, ಬ್ಲೂಟೂತ್ ಇದೆಯೇ ನೋಡುತ್ತಾರೆ. ಪಟ್ಟಿಯ ಅಳತೆ ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ.

ಬಟ್ಟೆ ಅಳೆಯುವ ಟೇಪು ತೆಗೆದುಕೊಳ್ಳಿ. ಭುಜದ ಮೂಳೆಯ ತುದಿಗೂ ಮೊಣಕೈಗೂ ನಡುಮಧ್ಯೆ ತೋಳಿನ ಸುತ್ತಳತೆ ನೋಡಿ. ಪಟ್ಟಿಯ ಮೇಲೆ 22–32 ಸೆಂ.ಮೀ. ಎಂಬಂಥ ಅಳತೆ ಅಚ್ಚಾಗಿರುತ್ತದೆ. ನಿಮ್ಮ ತೋಳು ಅದರೊಳಗೆ ಬರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಮೆಷಿನ್ ಬಿಪಿಯನ್ನು ಏರಿಸಿ ತೋರಿಸುತ್ತದೆ. ಎಷ್ಟು ಏರಿಸಿ? 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಲ್ಲಕ್ಕಿಂತ ದೊಡ್ಡ ಪಟ್ಟಿ ಬೇಕಿದ್ದವರಿಗೆ ಮಾಮೂಲಿ ಪಟ್ಟಿ ಸುತ್ತಿದಾಗ ಮೇಲಿನ ಬಿಪಿ (ಜೋಡಿ ಅಂಕಿಯಲ್ಲಿ ಮೊದಲನೆಯದು) ಸರಾಸರಿ ಸುಮಾರು 20 ಅಂಕ ಹೆಚ್ಚು ಬಂದಿತ್ತು. ಒಬ್ಬ ಮನುಷ್ಯನನ್ನು ರೋಗಿ ಮಾಡಲು 20 ಅಂಕ ಧಾರಾಳವಾಯಿತು.

ಇದೇನು ಹೊಸ ಪತ್ತೆಯಲ್ಲ. ಇಟಲಿಯ ಡಾಕ್ಟರ್ ರಿವಾ-ರೊಚ್ಚಿ 1896ರಲ್ಲಿ ತೋಳಿಗೆ ಸುತ್ತುವ ಪಟ್ಟಿ ಮಾಡಿದಾಗ ಅದರ ಅಗಲ ಐದು ಸೆಂ.ಮೀ. ಆಸುಪಾಸಿನದು. ಅಗಲ ಸಾಲದೆ ಅಂಕಿ ಏರಿ ಬರುತ್ತಿದೆ ಎಂದು ಗೊತ್ತಾಗಿ, 1901ರಲ್ಲೇ ಜರ್ಮನಿಯ ಡಾಕ್ಟರ್ ಫಾನ್ ರೆಕ್ಲಿಂಗ್‌ಹೌಸೆನ್ ಅದನ್ನು 12 ಸೆಂ.ಮೀ.ಗೆ ಹಿಗ್ಗಿಸಿದರು. ನೂರಿಪ್ಪತ್ತು ವರ್ಷ ದಾಟಿತು, ಅದೇ ತಪ್ಪನ್ನು ನಾವು ಇನ್ನೂ ಮಾಡುತ್ತಿದ್ದೇವೆ.

ಮೆಷಿನ್ ತೋಳಿನದ್ದೇ ಆಗಲಿ. ಮಣಿಕಟ್ಟಿನದು ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ದಾರಿ ತಪ್ಪುತ್ತದೆ. ತೋಳಿಗೆ ಯಾವ ಪಟ್ಟಿಯೂ ಹೊಂದದವರಿಗೆ ಮಾತ್ರ ಅದು. ಪಟ್ಟಿಯೇ ಇಲ್ಲದೆ ಬಿಪಿ ಹೇಳುವ ಗಡಿಯಾರ, ಉಂಗುರಗಳನ್ನು ರೋಗ ನಿರ್ಧಾರಕ್ಕೆ ನಂಬಬೇಡಿ ಎಂದು ರಕ್ತದೊತ್ತಡದ ಯುರೋಪಿಯನ್ ಸೊಸೈಟಿಯೇ ಹೇಳಿದೆ. ಇನ್ನೊಂದು ಮಾತು: ನೀವು ಕೊಳ್ಳುವ ಮಾದರಿಯನ್ನು ಸ್ವತಂತ್ರವಾಗಿ ಪರೀಕ್ಷಿಸಿ ಒಪ್ಪಿದ್ದಾರೆಯೇ ನೋಡಿ. 'ಸ್ಟ್ರೈಡ್ ಬಿಪಿ' ಎಂಬ ತಜ್ಞರ ಸಂಸ್ಥೆ ಅಂಥ ಮೆಷಿನ್‌ಗಳ ಹೆಸರುಗಳನ್ನು ಜಾಲತಾಣದಲ್ಲಿ ಇಟ್ಟಿದೆ, ಪುಕ್ಕಟೆಯಾಗಿ.

ಮೆಷಿನ್ ಒಳಗೆ ನಡೆಯುವುದೇನು

ಇದು ಗೊತ್ತಾದರೆ ಮುಂದಿನ ಶಿಸ್ತೆಲ್ಲ ಯಾಕೆಂದು ತಾನೇ ತಿಳಿಯುತ್ತದೆ. ಹಳೆಯ ಪಾದರಸದ ಉಪಕರಣದಲ್ಲಿ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಶಬ್ದ ಕೇಳುತ್ತಿದ್ದರು; 1905ರಲ್ಲಿ ರಷ್ಯದ ಕೊರೊಟ್ಕೊವ್ ಹೇಳಿಕೊಟ್ಟ ಉಪಾಯ ಅದು. ನಮ್ಮ ಮನೆಯ ಮೆಷಿನ್ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಪಟ್ಟಿಯಲ್ಲಿ ಗಾಳಿ ತುಂಬಿ ರಕ್ತನಾಳವನ್ನು ಅಮುಕುತ್ತದೆ, ಗಾಳಿ ಇಳಿಯುತ್ತಾ ಬಂದಂತೆ ನಾಳದ ಮಿಡಿತದಿಂದ ಪಟ್ಟಿಯಲ್ಲಿ ಏಳುವ ಸಣ್ಣ ಸಣ್ಣ ಅಲುಗಾಟಗಳನ್ನು ಹಿಡಿಯುತ್ತದೆ. ಆ ಅಲುಗಾಟ ಅತಿ ಹೆಚ್ಚಾಗುವ ಜಾಗ ಸರಿಸುಮಾರು ಸರಾಸರಿ ಒತ್ತಡ. ಮೇಲಿನದು, ಕೆಳಗಿನದು ಎಂದು ನಾವು ಓದುವ ಎರಡು ಅಂಕಿಗಳನ್ನು ಕಂಪನಿಯ ಸೂತ್ರವೊಂದು ಲೆಕ್ಕ ಹಾಕಿ ಕೊಡುತ್ತದೆ.

ನೀವು ಬೆರಳು ಮಡಚಿದರೂ, ನಕ್ಕರೂ ಪಟ್ಟಿ ಅಲುಗುತ್ತದೆ. ಆ ಅಲುಗಾಟ ನಾಳದ್ದೋ ನಗುವಿನದ್ದೋ ಎಂದು ಬಡಪಾಯಿ ಮೆಷಿನ್‌ಗೆ ಹೇಗೆ ಗೊತ್ತಾಗಬೇಕು? ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಲ್ಲೂ ಹೀಗೇ ಏರುಪೇರು ಬರುತ್ತದೆ. ಅವರು ಪ್ರತಿ ಹೊತ್ತಿಗೂ ಮೂರು ನಾಲ್ಕು ಸಲ ನೋಡಿ ಸರಾಸರಿ ತೆಗೆಯಬೇಕು.

ಕೂರುವುದು

ಇದೇ ಮುಖ್ಯವಾದ ಹಂತ, ಎಲ್ಲರೂ ಹಾರಿಸುವುದೂ ಇದನ್ನೇ.

ನೋಡುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ತುಂಬಿದ ಮೂತ್ರಕೋಶವೂ ಬಿಪಿ ಏರಿಸುತ್ತದೆ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತು ಎರಡೂ ಪಾದ ನೆಲಕ್ಕೆ ಊರಿ. ಕಾಲ ಮೇಲೆ ಕಾಲು ಹಾಕಬೇಡಿ. ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ, ಒಳಗೆ ಒಂದೆರಡು ಬೆರಳು ತೂರುವಷ್ಟು ಬಿಗಿಯಾಗಿ. ಅಂಗಿಯ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಒಂದು ಹಗ್ಗವಾಗಿ ಬಿಗಿಯುತ್ತದೆ, ಕೈ ಹೊರಗೆ ತೆಗೆದುಬಿಡುವುದೇ ವಾಸಿ.

ಕೈ ಎಲ್ಲಿಡಬೇಕು? ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ. ಮೇಜು ತಗ್ಗಾಗಿದ್ದರೆ ಕೈಕೆಳಗೆ ದಿಂಬೋ ಎರಡು ದಪ್ಪ ಪುಸ್ತಕವೋ ಇಡಿ. ಪಟ್ಟಿ ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುಮಾರು 7–8 ಅಂಕ ಹೆಚ್ಚು ಬರುತ್ತದೆ. ನೀರಿನ ಟ್ಯಾಂಕಿನ ಲೆಕ್ಕವೇ ಇದು: ನಲ್ಲಿ ಕೆಳಗಿದ್ದಷ್ಟೂ ನೀರಿನ ರಭಸ ಹೆಚ್ಚು. 2024ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೈಯನ್ನು ತೊಡೆಯ ಮೇಲಿಟ್ಟಾಗ ಮೇಲಿನ ಬಿಪಿ ಸುಮಾರು 4, ಪಕ್ಕಕ್ಕೆ ಇಳಿಬಿಟ್ಟಾಗ 6.5 ಅಂಕ ಜಾಸ್ತಿ ಬಂತು.

ಈಗ ಐದು ನಿಮಿಷ ಸುಮ್ಮನೆ ಕೂರಿ. ಫೋನ್ ಇಲ್ಲ, ಟಿವಿ ಇಲ್ಲ, ಮಾತಿಲ್ಲ. ಹೇಳಿದಷ್ಟು ಸುಲಭವಲ್ಲ ಇದು. ನಮ್ಮಮ್ಮನಿಗೆ ಬಿಪಿ ನೋಡುವುದೆಂದರೆ ನನಗೊಂದು ಯುದ್ಧ. ಅವರು ಮಂಚದ ಅಂಚಿನಲ್ಲಿ ಕೂತು ಕಾಲು ಇಳಿಬಿಡುತ್ತಾರೆ. ಪಟ್ಟಿ ಉಬ್ಬುವಾಗ ಸರಿಯಾಗಿ ಅವರಿಗೆ ಬೆಳಗಿನ ಯಾವುದೋ ವಿಷಯ ನೆನಪಾಗುತ್ತದೆ.

"ಅಮ್ಮಾ, ಮಾತಾಡಬೇಡ."

"ನಾನೆಲ್ಲೋ ಮಾತಾಡಿದೆ? ನೀನೇ ಅಲ್ವಾ ಈಗ ಮಾತಾಡ್ತಿರೋದು?"

152/84. ಕುರ್ಚಿಗೆ ಕರೆತಂದು, ಕಾಲು ಊರಿಸಿ, ಐದು ನಿಮಿಷ ನಾನು ಕೋಣೆಯಿಂದಲೇ ಹೊರಗಿದ್ದು, ವಾಪಸು ಬಂದು ಗುಂಡಿ ಒತ್ತಿದೆ: 136/80. ಅದೇ ಅಮ್ಮ, ಅದೇ ಮೆಷಿನ್, ಹತ್ತು ನಿಮಿಷದ ಅಂತರ.

ಏಳು ದಿನದ ಲೆಕ್ಕ

ಮೊದಲ ಸಲ ಎರಡೂ ತೋಳಲ್ಲಿ ನೋಡಿ. ಯಾವುದರಲ್ಲಿ ಹೆಚ್ಚು ಬರುತ್ತದೋ ಮುಂದೆ ಅದೇ ತೋಳನ್ನು ಹಿಡಿದುಕೊಳ್ಳಿ. ಎರಡರ ನಡುವೆ ಪ್ರತಿ ಸಲವೂ 10–15 ಅಂಕಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಡಾಕ್ಟರಿಗೆ ಹೇಳಿ. ಒಂದು ಕಡೆಯ ರಕ್ತನಾಳ ಕಿರಿದಾಗಿರಬಹುದು.

ಬೆಳಿಗ್ಗೆ ಎದ್ದ ಒಂದು ಗಂಟೆಯೊಳಗೆ, ತಿಂಡಿಗೂ ಬಿಪಿ ಮಾತ್ರೆಗೂ ಮೊದಲು, ಒಂದು ನಿಮಿಷ ಬಿಟ್ಟು ಎರಡು ಸಲ. ರಾತ್ರಿ ಮಲಗುವ ಮೊದಲು ಹಾಗೇ ಎರಡು ಸಲ. ಏಳು ದಿನ. ಮೊದಲ ದಿನದ ನಾಲ್ಕು ಅಂಕಿ ಕೈಬಿಡಿ, ಅವತ್ತು ಮೆಷಿನ್ ಹೊಸದು, ನೀವೂ ಹೊಸಬರು. ಉಳಿದ 24ರ ಸರಾಸರಿ ತೆಗೆಯಿರಿ, ಮೇಲಿನದು ಬೇರೆ, ಕೆಳಗಿನದು ಬೇರೆ. ಅದೇ ನಿಮ್ಮ ಬಿಪಿ.

ನನ್ನ ಪುಸ್ತಕದ ಒಂದು ಸಾಲು ಹೀಗಿದೆ: 'ಬುಧ, ಬೆ. 6.40 — 141/88, 136/85. ಬಲತೋಳು. ನಿದ್ದೆ ಸರಿಯಿಲ್ಲ.' ಕೊನೆಯ ಎರಡು ಪದ ಬರೆಯುವುದು ಬಹಳ ಉಪಯೋಗ. ನೆಗಡಿಯ ಮಾತ್ರೆ, ನೋವಿನ ಮಾತ್ರೆ ನುಂಗಿದ್ದರೆ ಅದನ್ನೂ ಬರೆಯಿರಿ. ಮೂಗು ಬಿಡಿಸುವ ಕೆಲವು ಔಷಧಗಳೂ ಐಬುಪ್ರೊಫೆನ್‌ನಂಥ ನೋವು ನಿವಾರಕಗಳೂ ಬಿಪಿ ಏರಿಸಬಲ್ಲವು. ಮತ್ತೆ, ಅಂಕಿ ಹಿಡಿಸಲಿಲ್ಲವೆಂದು ಮೂರನೇ ಸಲ ಒತ್ತಿ 'ಒಳ್ಳೆಯದನ್ನು' ಬರೆದುಕೊಳ್ಳಬೇಡಿ. ನಾನು ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಗೆರೆ ಎಲ್ಲಿದೆ? ಯುರೋಪಿನ ತಜ್ಞರ ಪ್ರಕಾರ ಮನೆಯ ಸರಾಸರಿ 135/85 ಮುಟ್ಟಿದರೆ ಅಧಿಕ ರಕ್ತದೊತ್ತಡ. ಅದು ಆಸ್ಪತ್ರೆಯ 140/90ಕ್ಕೆ ಸಮ. ಅಮೆರಿಕದ ಹೃದ್ರೋಗ ಸಂಸ್ಥೆಗಳು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದವು. ನನ್ನ ಸರಾಸರಿ 138/86 ಬಂತು. ಅಂದರೆ ಆ 164 ಸುಳ್ಳು, ಆದರೆ ನನಗೇನೂ ಆಗಿಲ್ಲ ಅನ್ನುವುದೂ ಸುಳ್ಳು. ನೆಮ್ಮದಿಯೂ ಅಲ್ಲದ, ಗಾಬರಿಯೂ ಅಲ್ಲದ ಇಂಥ ಅಂಕಿಯೊಂದಿಗೆ ಹೇಗಿರಬೇಕೆಂದು ಕಲಿಯಲು ನನಗೆ ಇನ್ನೂ ಕೆಲವು ತಿಂಗಳು ಹಿಡಿಯಿತು.

ಕಾಯಬಾರದ ಸಂದರ್ಭ

180/120 ದಾಟಿ ಬಂದರೆ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಒಂದು ಕಡೆಯ ಕೈಕಾಲಿನಲ್ಲಿ ಶಕ್ತಿ ಹೋಗುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು, ಇವುಗಳಲ್ಲಿ ಯಾವುದಿದ್ದರೂ ತಕ್ಷಣ ಆಸ್ಪತ್ರೆಗೆ. ಇಂಥ ಲಕ್ಷಣಗಳಿಗೆ ಮೆಷಿನ್‌ನ ಅಪ್ಪಣೆ ಬೇಕಾಗಿಲ್ಲ, ಬಿಪಿ 120 ಇದ್ದರೂ ಹೊರಡಿ. ಲಕ್ಷಣ ಯಾವುದೂ ಇಲ್ಲದೆ ಬರೀ ಅಂಕಿ ಅಷ್ಟಿದ್ದರೆ ಐದು ನಿಮಿಷ ಕೂತು ಮತ್ತೆ ನೋಡಿ. ಇಳಿಯದಿದ್ದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಮನೆಯಲ್ಲಿರುವ ಬೇರೆಯವರ ಮಾತ್ರೆ ನುಂಗಬೇಡಿ.

ಪುಸ್ತಕ ಹಿಡಿದು ಡಾಕ್ಟರ ಬಳಿ

ಪುಸ್ತಕದ ಜೊತೆ ಮೆಷಿನನ್ನೂ ಒಯ್ಯಿರಿ. ಅವರದ್ದರ ಪಕ್ಕದಲ್ಲಿಟ್ಟು ತಾಳೆ ನೋಡಲಿ, ವರ್ಷಕ್ಕೊಮ್ಮೆಯಾದರೂ. ಆಸ್ಪತ್ರೆಯಲ್ಲಿ ಮಾತ್ರ ಏರುವ ಬಿಪಿಗೆ 'ಬಿಳಿಕೋಟಿನ ಬಿಪಿ' ಎನ್ನುತ್ತಾರೆ. ಇದರ ತದ್ವಿರುದ್ಧದ್ದೂ ಒಂದಿದೆ: ಡಾಕ್ಟರ ಮುಂದೆ ಸಾಧುವಾಗಿದ್ದು ಮನೆಯಲ್ಲಿ, ಕೆಲಸದಲ್ಲಿ ಏರುವ ಮರೆಮಾಚಿದ ಬಿಪಿ. ಎರಡನೆಯದೇ ಹೆಚ್ಚು ಅಪಾಯಕಾರಿ, ಯಾಕೆಂದರೆ ಅದನ್ನು ಯಾರೂ ಹುಡುಕುವುದಿಲ್ಲ. ಅನುಮಾನವಿದ್ದರೆ 24 ಗಂಟೆ ತೋಳಿಗೆ ಕಟ್ಟುವ ಮೆಷಿನ್ ಕೊಡುತ್ತಾರೆ.

ಮಾತ್ರೆ ಶುರುವಾದ ಮೇಲೆ ಗಮನಿಸಬೇಕಾದ್ದು ಎರಡು. ಎದ್ದು ನಿಂತಾಗ ತಲೆ ಸುತ್ತಿದರೆ, ಕೂತಾಗಿನ ಬಿಪಿ ಬರೆದುಕೊಂಡು, ನಿಂತ ಒಂದನೇ ನಿಮಿಷ ಮತ್ತು ಮೂರನೇ ನಿಮಿಷಕ್ಕೆ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಿ. ಹೆಸರಿನ ಕೊನೆಗೆ 'ಪ್ರಿಲ್' ಇರುವ ಮಾತ್ರೆ ತಗೊಂಡು ಒಣಕೆಮ್ಮು ಹತ್ತಿದರೆ ಅದು ಧೂಳಿನದ್ದೆಂದು ತಿಂಗಳುಗಟ್ಟಲೆ ಕೆಮ್ಮುತ್ತಾ ಕೂರಬೇಡಿ. ಆ ಗುಂಪಿನ ಮಾತ್ರೆಗಳಿಗೆ ಅಂಥ ಗುಣವಿದೆ, ಬದಲಿ ಇದೆ. ನೀವಾಗಿಯೇ ನಿಲ್ಲಿಸಬೇಡಿ, ಅಷ್ಟೆ.

ಈ ಪ್ರಿಲ್ ಮಾತ್ರೆಗಳ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬ್ರೆಜಿಲ್ಲಿನ ಜರರಾಕ ಎಂಬ ಮಂಡಲದ ಜಾತಿಯ ಹಾವು ಕಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ. ಆ ವಿಷದಲ್ಲಿರುವುದೇನೆಂದು 1960ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರ ಬೆನ್ನು ಹತ್ತಿದರು. ಆ ಜಾಡು ಹಿಡಿದು ಹೋದವರು ತಯಾರಿಸಿದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದಕ್ಕೂ ಮೊದಲು, 1950ರ ದಶಕದಲ್ಲಿ ಬಿಪಿಗೆ ಕೊಡುತ್ತಿದ್ದ ರಿಸರ್ಪಿನ್ ಬಂದದ್ದು ಸರ್ಪಗಂಧದ ಬೇರಿನಿಂದ. ಒಂದಕ್ಕೆ ಹೆಸರಲ್ಲಿ ಸರ್ಪ, ಇನ್ನೊಂದಕ್ಕೆ ಹುಟ್ಟಿನಲ್ಲೇ.

ಇವೆಲ್ಲ ಬರುವ ಮೊದಲು ಹೇಗಿತ್ತೆಂದರೆ, ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಕುಸಿದಾಗ ಅವರ ಬಿಪಿ 300/190 ಇತ್ತು. ನೋಡಿಕೊಳ್ಳಲು ಡಾಕ್ಟರು ಇದ್ದರು, ಅಂಕಿ ವರ್ಷಗಳಿಂದ ಏರುತ್ತಲೇ ಇತ್ತು. ಇಳಿಸಲು ಒಳ್ಳೆಯ ಔಷಧ ಇರಲಿಲ್ಲ. ಇಳಿಸಬಾರದು ಎನ್ನುವವರೂ ಇದ್ದರು: ಕಿರಿದಾದ ನಾಳಗಳಲ್ಲಿ ರಕ್ತ ನುಗ್ಗಬೇಕಾದರೆ ಒತ್ತಡ ಬೇಕೇ ಬೇಕು ಎಂಬ ವಾದ. 'ಎಸೆನ್ಷಿಯಲ್ ಹೈಪರ್‌ಟೆನ್ಷನ್' ಎಂದು ರಿಪೋರ್ಟಿನಲ್ಲಿ ಇವತ್ತಿಗೂ ಬರೆಯುತ್ತಾರಲ್ಲ, ಆ 'ಎಸೆನ್ಷಿಯಲ್' (ಅಗತ್ಯವಾದದ್ದು) ಆ ಕಾಲದ ಪಳೆಯುಳಿಕೆ ಎನ್ನುತ್ತಾರೆ.

ಪೇಪರಿನಲ್ಲಿ ಬಂದ ಬಿಪಿ

ಮನೆಯ ಮೆಷಿನ್‌ಗೆ ಕೇಳುವ ಪ್ರಶ್ನೆಯನ್ನೇ ಸುದ್ದಿಗೂ ಕೇಳಿ: ಹೇಗೆ ಅಳೆದರು, ಯಾವುದರ ಜೊತೆ ಹೋಲಿಸಿದರು?

2015ರಲ್ಲಿ 'ಸ್ಪ್ರಿಂಟ್' ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. 9,361 ಜನ, ಎಲ್ಲರೂ 50 ದಾಟಿದವರು. ಅರ್ಧದಷ್ಟು ಜನರಿಗೆ ಮೇಲಿನ ಬಿಪಿ 140ಕ್ಕಿಂತ ಕೆಳಗೆ, ಉಳಿದವರಿಗೆ 120ಕ್ಕಿಂತ ಕೆಳಗೆ ತರುವ ಗುರಿ. 120ರ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಶೇ. 25ರಷ್ಟು ಕಡಿಮೆ. ಪೇಪರಿಗೆ ಬರುವುದು ಈ 25. ಇದನ್ನೇ ತಲೆ ಎಣಿಸಿ ಹೇಳಿದರೆ, ಮೂರು ವರ್ಷ ಚಿಲ್ಲರೆ ಕಾಲದಲ್ಲಿ ನೂರಕ್ಕೆ ಸುಮಾರು 7 ಜನರಿಗೆ ಆಗುತ್ತಿದ್ದುದು 5 ಜನರಿಗೆ ಆಯಿತು. ಎರಡೂ ನಿಜ. ಆದರೆ ಎರಡನೆಯದನ್ನು ಓದಿದಾಗ ಎದೆ ಬೇರೆ ಥರ ಹೊಡೆದುಕೊಳ್ಳುತ್ತದೆ. 120ರ ಗುಂಪಿನಲ್ಲಿ ಬಿಪಿ ತೀರಾ ಇಳಿಯುವುದು, ಪ್ರಜ್ಞೆ ತಪ್ಪುವುದು, ಕಿಡ್ನಿಗೆ ಪೆಟ್ಟು ಹೆಚ್ಚಿದ್ದವು ಎಂಬುದೂ, ಸಕ್ಕರೆ ಕಾಯಿಲೆಯವರನ್ನೂ ಹಿಂದೆ ಪಾರ್ಶ್ವವಾಯು ಆದವರನ್ನೂ ಸೇರಿಸಿಕೊಂಡಿರಲಿಲ್ಲ ಎಂಬುದೂ ಸುದ್ದಿಯ ಕೊನೆಯ ಪ್ಯಾರಾಕ್ಕೆ ಹೋಗುತ್ತವೆ.

ನನಗೆ ಇನ್ನೂ ಕುತೂಹಲ ಹುಟ್ಟಿಸಿದ್ದು ಅಲ್ಲಿ ಬಿಪಿ ನೋಡಿದ ರೀತಿ. ಐದು ನಿಮಿಷ ಸುಮ್ಮನೆ ಕೂರಿಸಿ, ಮೆಷಿನ್‌ನಿಂದ ಮೂರು ಸಲ ಅಳೆದು, ಸರಾಸರಿ. ಅಂದರೆ ಅವರ 120, ಮೆಟ್ಟಿಲು ಹತ್ತಿ ಬಂದವನ ಅಂಗಿಯ ಮೇಲೆ ಪಟ್ಟಿ ಸುತ್ತಿ ಬರೆದ 120 ಅಲ್ಲ. ಅವಸರದಲ್ಲಿ ಅಳೆದು ಇವರ ಗುರಿ ಮುಟ್ಟಲು ಹೊರಟರೆ ಬೇಡದಷ್ಟು ಮಾತ್ರೆ ಹೊಟ್ಟೆಗೆ ಹೋಗುತ್ತದೆ.

ಹೋಲಿಕೆಯ ಪ್ರಶ್ನೆಗೆ ಒಳ್ಳೆಯ ಪಾಠ ಕಿಡ್ನಿಯ ನರಗಳನ್ನು ಸುಡುವ ಚಿಕಿತ್ಸೆಯದು. ತೊಡೆಸಂದಿನಿಂದ ತಂತಿ ತೂರಿಸಿ, ಕಿಡ್ನಿಯ ರಕ್ತನಾಳದ ಸುತ್ತಲಿನ ನರಗಳಿಗೆ ಶಾಖ ಕೊಟ್ಟರೆ ಬಿಪಿ ಇಳಿಯುತ್ತದೆ ಎಂದು ಮೊದಲ ಪ್ರಯೋಗಗಳು ಹೇಳಿದವು. 2010ರದ್ದೊಂದರಲ್ಲಿ ಆರು ತಿಂಗಳಿಗೆ 32 ಅಂಕ ಇಳಿದಿತ್ತು. ಮಾತ್ರೆಗಳ ಕಾಲ ಮುಗಿಯಿತು ಎನ್ನುವ ಹಾಗಿತ್ತು ಸಡಗರ. 2014ರಲ್ಲಿ 535 ಜನರ ಮೇಲೆ ಮತ್ತೆ ನೋಡಿದರು, ಈ ಸಲ ಒಂದು ಗುಂಪಿಗೆ ಬರೀ ನಾಟಕದ ಚಿಕಿತ್ಸೆ: ಮೇಜಿನ ಮೇಲೆ ಮಲಗಿಸಿ, ತಂತಿ ತೂರಿಸಿ, ನರ ಸುಡದೆ ಕಳಿಸಿದರು. ನಿಜ ಚಿಕಿತ್ಸೆಯಾದವರಿಗೆ 14 ಅಂಕ ಇಳಿಯಿತು. ನಾಟಕದವರಿಗೂ ಸುಮಾರು 12 ಇಳಿಯಿತು! ಚಿಕಿತ್ಸೆಯಾಗಿದೆ ಎಂಬ ನಂಬಿಕೆ, ಪ್ರಯೋಗದಲ್ಲಿದ್ದಾಗ ತಪ್ಪದೆ ಮಾತ್ರೆ ನುಂಗುವ ಶಿಸ್ತು, ಇಂಥವೂ ಬಿಪಿ ಇಳಿಸುತ್ತವೆ. ಅಷ್ಟಕ್ಕೇ ಅದು ಸಾಯಲಿಲ್ಲ. ಉಪಕರಣ ಸುಧಾರಿಸಿ, ನಾಟಕದ ಗುಂಪನ್ನು ಇಟ್ಟುಕೊಂಡೇ ಹೊಸ ಪ್ರಯೋಗಗಳು ನಡೆದು, 2023ರ ನವೆಂಬರಿನಲ್ಲಿ ಅಂಥ ಎರಡು ಉಪಕರಣಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಳಿಯುವುದು ಕೆಲವೇ ಅಂಕ. ಮಾತ್ರೆ, ಉಪ್ಪಿನ ಮಿತಿಯಿಂದ ಹತೋಟಿಗೆ ಬಾರದವರಿಗೆ ಜೊತೆಯ ಸಹಾಯವಾಗಿ.

ಆದ್ದರಿಂದ ಯಾರಾದರೂ ಸುದ್ದಿಯ ಕೊಂಡಿ ಕಳಿಸಿದರೆ ನಾನೀಗ ಮೊದಲು ಹುಡುಕುವುದು ಒಂದೇ ಸಾಲು: ಔಷಧ ಕೊಡದ ಗುಂಪಿಗೆ ಏನಾಯಿತು? ಆ ಸಾಲೇ ಇಲ್ಲದಿದ್ದರೆ ಮುಂದೆ ಓದುವುದಿಲ್ಲ.

ಎಷ್ಟು ಸಲ ನೋಡಬೇಕು

ಹತೋಟಿಗೆ ಬಂದ ಮೇಲೆ ದಿನಾ ಬೇಡ. ವಾರಕ್ಕೆ ಒಂದೆರಡು ಸಲ, ಮಾತ್ರೆ ಬದಲಾದಾಗ ಮತ್ತು ಡಾಕ್ಟರ ಭೇಟಿಗೆ ಮೊದಲು ಏಳು ದಿನದ ಲೆಕ್ಕ. ಗಾಬರಿಯಾದಾಗ ನೋಡಿದರೆ ಗಾಬರಿಯ ಬಿಪಿಯೇ ಬರುತ್ತದೆ, ಅದನ್ನು ಕಂಡು ಇನ್ನಷ್ಟು ಗಾಬರಿ, ಮತ್ತೆ ಗುಂಡಿ. ಆ ಹನ್ನೊಂದು ಸಲದ ರಾತ್ರಿ ಹುಟ್ಟಿದ್ದು ಹೀಗೇ.

ನಾನು ಮೆಷಿನನ್ನು ಅಟ್ಟದ ಕೆಳಗಿನ ಮೇಲ್ಗಡೆಯ ಗೂಡಿಗೆ ಏರಿಸಿದ್ದೇನೆ. ಬ್ಯಾಟರಿ ತೆಗೆದು ಬೇರೆ ಡಬ್ಬಿಯಲ್ಲಿದೆ. ಬೇಕೆಂದರೆ ಸ್ಟೂಲು ಹಾಕಿ ಹತ್ತಬೇಕು, ಇಳಿಯಬೇಕು, ಬ್ಯಾಟರಿ ಹುಡುಕಬೇಕು. ಇಷ್ಟಾದ ಮೇಲೂ ಐದು ನಿಮಿಷ ಸುಮ್ಮನೆ ಕೂರಬೇಕು. ಎಷ್ಟೋ ಸಲ ಸ್ಟೂಲು ಎಳೆಯುವಷ್ಟರಲ್ಲೇ, ಬಿಡು, ನಾಳೆ ಬೆಳಿಗ್ಗೆ ನೋಡೋಣ ಅನ್ನಿಸುತ್ತದೆ.